ಮಾರಿಯೊ ಬಾವಾ ಮತ್ತು ಇಟಲಿಯ ಹಳೆ ಹಾರರ್: ಯಾವ ಡಿಸ್ಕ್, ಯಾವ ಆವೃತ್ತಿ?

ಇಟಲಿಯ ಹಳೆ ಗಾಥಿಕ್ ಹಾರರ್ ಚಿತ್ರಗಳ ಬ್ಲೂ-ರೇ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವುದರಲ್ಲಿ ಚಿತ್ರ ಜಾಸ್ತಿ ಚೊಕ್ಕವಾಗಿದೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಇದೆ. ಆ ಡಿಸ್ಕ್‌ನೊಳಗೆ ಇರುವುದು ಯಾವ ಸಿನಿಮಾ?

ಸುಮ್ನೆ ಕೇಳುತ್ತಿಲ್ಲ. 1960ರ ದಶಕದಲ್ಲಿ ರೋಮ್‌ನಲ್ಲಿ ತಯಾರಾದ, ಹಳೆ ಕೋಟೆ, ಮಂಜು, ದೆವ್ವಗಳ ಈ ಚಿತ್ರಗಳು ಹೊರದೇಶಗಳಿಗೆ ಮಾರಾಟವಾಗುತ್ತಿದ್ದವು. ಕೊಂಡವರು ತಮಗೆ ಬೇಕಾದಂತೆ ಕತ್ತರಿ ಹಾಕುತ್ತಿದ್ದರು. ಹೊಸದಾಗಿ ಡಬ್ಬಿಂಗ್ ಮಾಡಿಸುತ್ತಿದ್ದರು, ಸಂಗೀತವನ್ನೇ ಬದಲಿಸುತ್ತಿದ್ದರು. ಹೀಗಾಗಿ ಒಂದೇ ಚಿತ್ರಕ್ಕೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ರೂಪ. ನನ್ನ ಹತ್ತಿರ ಇರುವ ಡಿಸ್ಕ್‌ಗಳನ್ನು ಒಂದೇ ಟಿವಿಯಲ್ಲಿ, ಕತ್ತಲ ಕೋಣೆಯಲ್ಲಿ, ಅದದೇ ದೃಶ್ಯಗಳನ್ನು ಹಾಕಿ ಹೋಲಿಸಿ ನೋಡಿದ್ದೇನೆ. ಆವೃತ್ತಿಯ ವ್ಯತ್ಯಾಸದ ಮುಂದೆ ಸ್ಕ್ಯಾನಿಂಗ್‌ನ ವ್ಯತ್ಯಾಸ ಚಿಕ್ಕದು ಅಂತ ಈಗ ಖಾತ್ರಿಯಾಗಿದೆ.

ಬ್ಲ್ಯಾಕ್ ಸ್ಯಾಬತ್

ಆವೃತ್ತಿಗಳ ಈ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಇಟಲಿಯ ನಿರ್ದೇಶಕ ಮಾರಿಯೊ ಬಾವಾ 1963ರಲ್ಲಿ ತೆಗೆದ ‘ಇ ತ್ರೆ ವೋಲ್ತಿ ದೆಲ್ಲಾ ಪಾವುರಾ’ ಮೂರು ಬಿಡಿ ಕಥೆಗಳ ಚಿತ್ರ. ಅಮೆರಿಕದ ಎಐಪಿ ಕಂಪನಿ ಅದನ್ನು ‘ಬ್ಲ್ಯಾಕ್ ಸ್ಯಾಬತ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಬರ್ಮಿಂಗ್‌ಹ್ಯಾಮ್‌ನ ಆ ಹೆಸರಾಂತ ರಾಕ್ ತಂಡಕ್ಕೆ ಹೆಸರು ಬಂದಿದ್ದು ಇಲ್ಲಿಂದಲೇ.

ಇಟಾಲಿಯನ್ ಆವೃತ್ತಿಯಲ್ಲಿ ಮೊದಲು ಟೆಲಿಫೋನ್ ಕಥೆ, ಆಮೇಲೆ ವುರ್ದುಲಾಕ್ (ರಕ್ತ ಹೀರುವ ಪಿಶಾಚಿ) ಕಥೆ, ಕೊನೆಗೆ ನೀರಿನ ಹನಿ. ಎಐಪಿಯವರು ನೀರಿನ ಹನಿಯನ್ನು ಮೊದಲಿಗೆ ತಂದು ವುರ್ದುಲಾಕನ್ನು ಕೊನೆಗೆ ಇಟ್ಟರು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಟೆಲಿಫೋನ್ ಕಥೆಯನ್ನಂತೂ ಪೂರ್ತಿ ಬೇರೆಯೇ ಮಾಡಿಬಿಟ್ಟರು. ಮೂಲದಲ್ಲಿ ನಟಿ ಮಿಶೆಲ್ ಮೆರ್ಸಿಯೆ ಪಾತ್ರಕ್ಕೆ ಬೆದರಿಕೆ ಕರೆ ಮಾಡುವವಳು ಅವಳ ಹಳೆಯ ಪ್ರೇಯಸಿ ಮೇರಿ. ಜೈಲಿನಿಂದ ತಪ್ಪಿಸಿಕೊಂಡ, ಅವಳ ಹಳೆಯ ತಲೆಹಿಡುಕ ಫ್ರ್ಯಾಂಕ್ ನಿಜವಾದ ಮನುಷ್ಯ. ಅಮೆರಿಕನ್ ಆವೃತ್ತಿಯಲ್ಲಿ ಆ ಇಬ್ಬರು ಹೆಂಗಸರ ಸಂಬಂಧ ಮಾಯ. ಫ್ರ್ಯಾಂಕ್ ಸತ್ತು ದೆವ್ವವಾಗಿದ್ದಾನೆ. ತಾನಾಗಿಯೇ ಅಕ್ಷರ ಮೂಡುವ ಒಂದು ಚೀಟಿಯನ್ನೂ ಸೇರಿಸಿದ್ದಾರೆ. ಬಾವಾ ಬರೀ ಒಂದು ಕೋಣೆ, ಒಂದು ಕೆಂಪು ಫೋನ್ ಇಟ್ಟುಕೊಂಡು ಕಟ್ಟಿದ ಬಿಗುವು ಅಲ್ಲಿ ಸಡಿಲವಾಗುತ್ತದೆ.

ಹಾಗಂತ ಅಮೆರಿಕನ್ ಆವೃತ್ತಿಯನ್ನು ತಳ್ಳಿಹಾಕುವಂತಿಲ್ಲ. ಚಿತ್ರದ ದೊಡ್ಡ ಹೆಸರು ನಟ ಬೋರಿಸ್ ಕಾರ್ಲಾಫ್. ಇಟಾಲಿಯನ್ ಆವೃತ್ತಿಯಲ್ಲಿ ಅವರಿಗೆ ಇನ್ಯಾರೋ ದನಿ ಕೊಟ್ಟಿದ್ದಾರೆ. ಕಾರ್ಲಾಫ್ ಅವರ ಸ್ವಂತ ದನಿ ಬೇಕೆಂದರೆ ಎಐಪಿ ಆವೃತ್ತಿಗೇ ಹೋಗಬೇಕು. ವುರ್ದುಲಾಕ್ ಕಥೆಯಲ್ಲಿ ಕಾರ್ಲಾಫ್ ಪಾತ್ರವಾದ, ಮನೆಗೆ ಮರಳಿದ ಗೋರ್ಕಾ ಮುದುಕ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಕೇಳುವಾಗ ಆ ದನಿ ಮಾಡುವ ಕೆಲಸವನ್ನು ಬೇರೆ ಯಾವ ದನಿಯೂ ಮಾಡಲಾರದು. ಪ್ರತಿ ಕಥೆಯ ಮುಂಚೆ ಅವರು ಬಂದು ಮಾತಾಡುವುದೂ ಇದರಲ್ಲೇ ಇದೆ. ಮೂಲ ಆವೃತ್ತಿಯಲ್ಲಿ ಮಾತ್ರ ಇರುವುದು ಕೊನೆಯ ದೃಶ್ಯ. ಕುದುರೆ ಮೇಲೆ ಓಡುತ್ತಿರುವ ಕಾರ್ಲಾಫ್‌ರಿಂದ ಕ್ಯಾಮೆರಾ ಹಿಂದೆ ಸರಿಯುತ್ತದೆ. ಕುದುರೆ ಆಟಿಕೆಯದು. ಸುತ್ತ ಸ್ಟುಡಿಯೋ ಹುಡುಗರು ಮರದ ಕೊಂಬೆ ಹಿಡಿದು ಸುತ್ತು ಹೊಡೆಯುತ್ತಿದ್ದಾರೆ. ಮೂರು ಕಥೆಗಳಲ್ಲಿ ಹೆದರಿಸಿದ ಮೇಲೆ ಬಾವಾ ತಮ್ಮ ಕೈಚಳಕವನ್ನು ತಾವೇ ತೋರಿಸಿ ಬೀಳ್ಕೊಡುತ್ತಾರೆ. ನನಗೆ ಇಡೀ ಚಿತ್ರದಲ್ಲಿ ತುಂಬಾ ಇಷ್ಟವಾದ ಕ್ಷಣ ಇದು. ಎಐಪಿ ಇದನ್ನು ಕಿತ್ತುಹಾಕಿತು.

ಈಗ ಡಿಸ್ಕ್ ವಿಷಯ. ಬ್ರಿಟನ್ನಿನ ಆ್ಯರೋ ವಿಡಿಯೊ 2013ರಲ್ಲಿ ಎರಡೂ ಆವೃತ್ತಿಗಳನ್ನು ಒಂದೇ ಬಾಕ್ಸ್‌ನಲ್ಲಿ ಕೊಟ್ಟಿತು. ಜೊತೆಗೆ ಪರದೆಯನ್ನು ಎರಡು ಭಾಗ ಮಾಡಿ ಎರಡೂ ಆವೃತ್ತಿಗಳ ವ್ಯತ್ಯಾಸ ತೋರಿಸುವ ಒಂದು ಬೋನಸ್ ಕೂಡ ಇದೆ. ಅಮೆರಿಕದ ಕಿನೋ ಲೋರ್ಬರ್ ಅದೇ ವರ್ಷ ಇಟಾಲಿಯನ್ ಆವೃತ್ತಿಯನ್ನು ತಂದಿತು. ಎಐಪಿ ಆವೃತ್ತಿಯನ್ನು 2015ರಲ್ಲಿ ಬೇರೆ ಡಿಸ್ಕ್ ಆಗಿ ಕೊಟ್ಟಿತು. ಈ ಚಿತ್ರಕ್ಕೆ ನನ್ನ ಓಟು ಆ್ಯರೋಗೆ. ಈ ಎರಡು ಆವೃತ್ತಿಗಳನ್ನು ಬೆನ್ನುಬೆನ್ನಿಗೆ ನೋಡಿದಾಗಲೇ ಬಾವಾ ಏನು ಕಟ್ಟಿದ್ದರು, ಅದರಲ್ಲಿ ಏನು ಉಳಿಯಿತು ಅಂತ ಗೊತ್ತಾಗುವುದು. ಒಂದೇ ನೋಡುವುದಾದರೆ ಇಟಾಲಿಯನ್ ನೋಡಿ.

ಬಣ್ಣವನ್ನು ಪರೀಕ್ಷಿಸಲು ನೀರಿನ ಹನಿಯ ಕಥೆ ಸಾಕು. ಸತ್ತ ಹೆಂಗಸಿನ ಬೆರಳಿನಿಂದ ಉಂಗುರ ಕದ್ದ ನರ್ಸ್ ತನ್ನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಹಸಿರು, ನೇರಳೆ ಬೆಳಕು ಹೊರಗಿನಿಂದ ಹತ್ತಿ ಆರುತ್ತಿದೆ. ಹಳೆಯ ಡಿವಿಡಿಯಲ್ಲಿ ಆ ಎರಡು ಬಣ್ಣ ಒಂದಕ್ಕೊಂದು ಕಲಸಿಕೊಂಡು ಮುಖದ ಮೇಲೆ ಕೊಳೆಯಂತೆ ಕೂರುತ್ತಿತ್ತು. ಬ್ಲೂ-ರೇನಲ್ಲಿ ಎರಡೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಸತ್ತವಳ ಆ ಮುಖವನ್ನು ಮಾಡಿದ್ದು ಬಾವಾ ಅವರ ತಂದೆ ಯುಜೇನಿಯೊ ಬಾವಾ. ಚಿತ್ರ ಸ್ಪಷ್ಟವಾದಷ್ಟೂ ಅದು ಬೊಂಬೆ ಅಂತ ಚೆನ್ನಾಗಿಯೇ ಗೊತ್ತಾಗುತ್ತದೆ. ಭಯ ಮಾತ್ರ ಒಂದು ಚೂರೂ ಕಡಿಮೆಯಾಗುವುದಿಲ್ಲ.

ಬ್ಲ್ಯಾಕ್ ಸಂಡೇ

1960ರ ‘ಲಾ ಮಾಸ್ಕೆರಾ ದೆಲ್ ದೆಮೋನಿಯೊ’ ನಿರ್ದೇಶಕರಾಗಿ ಬಾವಾ ತಮ್ಮ ಹೆಸರಿನಲ್ಲಿ ತೆಗೆದ ಮೊದಲ ಚಿತ್ರ. ಕಪ್ಪು-ಬಿಳುಪು. ಕ್ಯಾಮೆರಾ ಕೆಲಸವೂ ಅವರದೇ. ಮಾಟಗಾತಿ ಆಸಾ ಮತ್ತು ರಾಜಕುಮಾರಿ ಕಾತ್ಯಾ, ಎರಡೂ ಪಾತ್ರದಲ್ಲಿ ಬಾರ್ಬರಾ ಸ್ಟೀಲ್. ಇಲ್ಲೂ ಎರಡು ಇಂಗ್ಲಿಷ್ ಆವೃತ್ತಿಗಳಿವೆ. ಯುರೋಪಿನಲ್ಲೇ ಡಬ್ ಆದ ‘ದ ಮಾಸ್ಕ್ ಆಫ್ ಸೇಟನ್’ಗೆ ರೊಬೆರ್ತೊ ನಿಕೊಲೋಸಿ ಸಂಗೀತ. ಎಐಪಿ 1961ರಲ್ಲಿ ಬಿಡುಗಡೆ ಮಾಡಿದ ‘ಬ್ಲ್ಯಾಕ್ ಸಂಡೇ’ಗೆ ಹೊಸ ಡಬ್ಬಿಂಗ್, ಲೆಸ್ ಬ್ಯಾಕ್ಸ್ಟರ್ ಸಂಗೀತ, ಹಿಂಸೆಯ ಕೆಲವು ತುಣುಕುಗಳಿಗೆ ಕತ್ತರಿ.

ಬ್ಯಾಕ್ಸ್ಟರ್ ಸಂಗೀತ ಕೆಟ್ಟದ್ದೇನಲ್ಲ. ಆದರೆ ಅದು ಪ್ರತಿ ಸಲ ‘ಈಗ ಹೆದರಿ’ ಎಂದು ಮುಂಚೆಯೇ ಹೇಳಿಬಿಡುತ್ತದೆ. ನಿಕೊಲೋಸಿ ಸುಮ್ಮನಿರಬೇಕಾದ ಕಡೆ ಸುಮ್ಮನಿರುತ್ತಾರೆ. ಮಂಜಿನ ನಡುವೆ ಕುದುರೆ ಗಾಡಿ ನಿಧಾನವಾಗಿ, ಸ್ಲೋ ಮೋಷನ್‌ನಲ್ಲಿ ಬರುವ ದೃಶ್ಯವನ್ನು ಎರಡೂ ರೀತಿಯಲ್ಲಿ ಕೇಳಿ ನೋಡಿ. ಮೊದಲ ಸಲ ನೋಡುವವರಿಗೆ ನಾನು ಕಣ್ಣು ಮುಚ್ಚಿ ಮಾಸ್ಕ್ ಆಫ್ ಸೇಟನ್ ಆವೃತ್ತಿಯನ್ನೇ ಹೇಳುತ್ತೇನೆ.

ಇಲ್ಲೂ ಹಂಚಿಕೆ ಹಾಗೆಯೇ. ಕಿನೋ 2012ರಲ್ಲಿ ಯುರೋಪಿಯನ್ ಆವೃತ್ತಿಯನ್ನು, 2015ರಲ್ಲಿ ಎಐಪಿ ಆವೃತ್ತಿಯನ್ನು ಬೇರೆ ಬೇರೆಯಾಗಿ ತಂದಿತು. ಆ್ಯರೋ 2013ರಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟಿತು. ಬಾವಾ ಜೀವನವನ್ನು ದಶಕಗಳ ಕಾಲ ಬೆನ್ನುಹತ್ತಿದ ಟಿಮ್ ಲ್ಯೂಕಸ್ ಅವರ ಕಾಮೆಂಟರಿಯೂ ಅದರಲ್ಲಿದೆ.

ನನ್ನ ಪರೀಕ್ಷೆಯ ದೃಶ್ಯ ಕಾತ್ಯಾ ಮೊದಲು ಕಾಣಿಸಿಕೊಳ್ಳುವುದು. ಪಾಳುಬಿದ್ದ ಕಟ್ಟಡದ ಬಾಗಿಲಲ್ಲಿ ಕರಿ ನಿಲುವಂಗಿ ತೊಟ್ಟು, ಎರಡು ದೊಡ್ಡ ನಾಯಿಗಳ ಜೊತೆ ನಿಂತಿದ್ದಾಳೆ. ಬಟ್ಟೆಯ ಕಪ್ಪು ಬೇರೆ, ನಾಯಿಯ ಕಪ್ಪು ಬೇರೆ, ನೆರಳಿನ ಕಪ್ಪು ಬೇರೆ. ಈ ಮೂರೂ ಬೇರೆಬೇರೆಯಾಗಿ ಕಂಡರೆ ಡಿಸ್ಕ್ ಪಾಸ್. ಸ್ಟ್ರೀಮಿಂಗ್‌ನಲ್ಲಿ ಇದೇ ದೃಶ್ಯ ನೋಡಿದಾಗ ಮೂರೂ ಸೇರಿ ಒಂದೇ ಕಪ್ಪು ಮುದ್ದೆಯಾಗಿತ್ತು. ಮಂಜಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು ಬೇರೆ. ಬಾವಾ ಚಿತ್ರದಲ್ಲಿ ಮಂಜು, ನೆರಳು ಹೋದರೆ ಉಳಿಯುವುದೇನು?

ಅವಧಿ ನೋಡಿ ಆವೃತ್ತಿ ಗುರುತಿಸುವವರಿಗೆ ಒಂದು ಎಚ್ಚರಿಕೆ. ಪೂರ್ತಿ ಚಿತ್ರ ಸುಮಾರು 87 ನಿಮಿಷ, ಎಐಪಿಯದು ಸುಮಾರು 83. ಆದರೆ ಯುರೋಪಿನ ಹಳೆಯ ಪಾಲ್ (PAL, ಅಲ್ಲಿನ ಟಿವಿ ಪದ್ಧತಿ) ಡಿವಿಡಿಗಳು ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡುತ್ತವೆ. ಅಲ್ಲಿ 87 ನಿಮಿಷದ ಚಿತ್ರ ಒಂದು ಫ್ರೇಮೂ ಕತ್ತರಿಸದೆ 83ಕ್ಕೆ ಮುಗಿಯುತ್ತದೆ. ಡಬ್ಬಿಯ ಹಿಂದಿನ ಅಂಕಿ ನಂಬಬೇಡಿ. ಯಾರ ಸಂಗೀತ ಅಂತ ನೋಡಿ.

ಆ್ಯರೋ ಡಿಸ್ಕ್‌ನಲ್ಲಿ 1957ರ ‘ಇ ವಾಂಪೀರಿ’ ಬೋನಸ್ ಆಗಿ ಇದೆ, ಹಳೆಯ ಡಿವಿಡಿ ಗುಣಮಟ್ಟದಲ್ಲಿ. ನಿರ್ದೇಶಕ ರಿಕಾರ್ಡೊ ಫ್ರೆದಾ ಅರ್ಧಕ್ಕೆ ಬಿಟ್ಟು ಹೋದಾಗ ಕ್ಯಾಮೆರಾಮನ್ ಆಗಿದ್ದ ಬಾವಾ ಮುಗಿಸಿದ ಚಿತ್ರ ಅದು. ಅದರಲ್ಲಿ ನಟಿ ಜಿಯಾನ್ನಾ ಮರಿಯಾ ಕನಾಲೆ ಕಣ್ಣೆದುರೇ, ಒಂದೂ ಕಟ್ ಇಲ್ಲದೆ ಮುದುಕಿಯಾಗುತ್ತಾರೆ. ಮುಖದ ಮೇಲೆ ಬಣ್ಣದ ಮೇಕಪ್ಪು, ಎದುರಿಗೆ ಬಣ್ಣದ ಬೆಳಕು. ಬೆಳಕಿನ ಬಣ್ಣ ಬದಲಾದಂತೆ ಅಡಗಿದ್ದ ಸುಕ್ಕು ಕಪ್ಪು-ಬಿಳುಪು ಫಿಲ್ಮಿನಲ್ಲಿ ಮೂಡಿಬರುತ್ತದೆ. ಗುಣಮಟ್ಟ ಕಡಿಮೆ ಇದ್ದರೂ ಆ ಒಂದು ಶಾಟ್‌ಗಾಗಿ ನೋಡಲೇಬೇಕು.

ಎರಡು ಬಾಕ್ಸ್ ಸೆಟ್

ಬಾವಾ ಆಚೆಗೂ ಈ ಲೋಕ ದೊಡ್ಡದು. ಆ್ಯರೋ 2022ರಲ್ಲಿ ‘ಗಾಥಿಕ್ ಫಂಟಾಸ್ಟಿಕೊ’ ಎಂಬ ಸೆಟ್ ತಂದಿತು. ನಾಲ್ಕು ಚಿತ್ರ, ನಾಲ್ಕೂ ಕಪ್ಪು-ಬಿಳುಪು: ‘ದ ಬ್ಲಾಂಚ್‌ವಿಲ್ ಮಾನ್‌ಸ್ಟರ್’, ‘ಲೇಡಿ ಮಾರ್ಗನ್ಸ್ ವೆಂಜನ್ಸ್’, ‘ದ ಥರ್ಡ್ ಐ’, ‘ದ ವಿಚ್’. ಎಲ್ಲಕ್ಕೂ ಮೂಲ ನೆಗೆಟಿವ್‌ನಿಂದ 2ಕೆ ರಿಸ್ಟೋರೇಷನ್. ಸೆವೆರಿನ್ ಕಂಪನಿಯ ‘ಡಾನ್ಸಾ ಮಕಾಬ್ರಾ’ ಸಂಪುಟಗಳಲ್ಲಿ ಮೊದಲನೆಯದು 2023ರಲ್ಲಿ ಬಂತು. ಅದರಲ್ಲಿ 1964ರ ‘ದ ಮಾನ್‌ಸ್ಟರ್ ಆಫ್ ದ ಒಪೆರಾ’ದಿಂದ ಹಿಡಿದು 1971ರ ‘ಲೇಡಿ ಫ್ರಾಂಕನ್‌ಸ್ಟೈನ್’ವರೆಗೆ ನಾಲ್ಕು ಚಿತ್ರ.

ಚಿತ್ರದ ಗುಣಮಟ್ಟ ನೋಡಿದರೆ ಎರಡೂ ಸೆಟ್ ಮೇಲ್ಮಟ್ಟದ್ದೇ. ನನಗೆ ಆ್ಯರೋ ಸೆಟ್ ಜಾಸ್ತಿ ಹಿಡಿಸಿತು, ಕಾರಣ ‘ದ ವಿಚ್’. ದಮಿಯಾನೊ ದಮಿಯಾನಿ ನಿರ್ದೇಶನದ ಈ 1966ರ ಚಿತ್ರದಲ್ಲಿ ಕೋಟೆ, ಮಂಜು ಯಾವುದೂ ಇಲ್ಲ. ರೋಮ್‌ನ ಒಂದು ಹಳೆ ಮನೆ, ಒಬ್ಬ ಮುದುಕಿ, ಒಬ್ಬ ಯುವತಿ, ಕೆಲಸಕ್ಕೆಂದು ಬಂದು ಸಿಕ್ಕಿಬಿದ್ದ ಒಬ್ಬ ಗಂಡಸು. ‘ದ ಥರ್ಡ್ ಐ’ನಲ್ಲಿ ಎಳೆ ವಯಸ್ಸಿನ ಫ್ರ್ಯಾಂಕೊ ನೀರೊ ಇದ್ದಾರೆ, ಅದೂ ಚೆನ್ನಾಗಿದೆ. ಉಳಿದೆರಡು ಒಂದು ಸಲ ನೋಡಲು ಅಡ್ಡಿಯಿಲ್ಲ.

ಸೆವೆರಿನ್‌ನ ಎರಡನೇ ಸಂಪುಟ ಮಾತ್ರ ಬೇರೆ ಮಾತು. ಅದರಲ್ಲಿ ಆಂಟೋನಿಯೊ ಮಾರ್ಗೆರಿತಿ ಅವರ 1964ರ ‘ಕ್ಯಾಸಲ್ ಆಫ್ ಬ್ಲಡ್’ ಇದೆ. ದೆವ್ವದ ಕೋಟೆಯಲ್ಲಿ ಒಂದು ರಾತ್ರಿ ಕಳೆಯುತ್ತೇನೆಂದು ಪಂಥ ಕಟ್ಟಿದ ಪತ್ರಕರ್ತ, ಅಲ್ಲಿ ಕಾದಿರುವ ಬಾರ್ಬರಾ ಸ್ಟೀಲ್. ಇದೇ ಚಿತ್ರದ ಅಮೆರಿಕನ್ ಆವೃತ್ತಿ ಸೆವೆರಿನ್‌ನದೇ 2015ರ ‘ನೈಟ್‌ಮೇರ್ ಕ್ಯಾಸಲ್’ ಬ್ಲೂ-ರೇನಲ್ಲಿ ಬೋನಸ್ ಆಗಿತ್ತು. ಎರಡನ್ನೂ ಹಾಕಿ ನೋಡಿದರೆ ಹೊಸ ಸಂಪುಟದ್ದೇ ಕೈ ಮೇಲು. ಮೇಣದಬತ್ತಿ ಹಿಡಿದು ಪತ್ರಕರ್ತ ಕೋಣೆಯಿಂದ ಕೋಣೆಗೆ ಸಾಗುವಾಗ ಹಿಂದಿನ ಗೋಡೆ, ಪರದೆ, ಭಾವಚಿತ್ರ ಎಲ್ಲ ಕಾಣುತ್ತದೆ. ಕೋಟೆ ಎಷ್ಟು ದೊಡ್ಡದು ಅಂತ ಆಗಲೇ ಅನ್ನಿಸುವುದು.

ಆವೃತ್ತಿ ಒಂದೇ ಆದಾಗ, ನಾಲ್ಕಾದಾಗ

ಬಾವಾ ಅವರ 1966ರ ‘ಕಿಲ್, ಬೇಬಿ, ಕಿಲ್’ಗೆ ಈ ತಲೆಬಿಸಿ ಇಲ್ಲ. ಕಿನೋ, ಆ್ಯರೋ ಎರಡೂ 2017ರಲ್ಲಿ ಬಂದವು. ಎರಡರಲ್ಲೂ ಇಟಾಲಿಯನ್, ಇಂಗ್ಲಿಷ್ ದನಿ ಇದೆ. ನಿಮ್ಮ ಪ್ಲೇಯರ್‌ನಲ್ಲಿ ಯಾವುದು ಓಡುತ್ತದೋ ಅದನ್ನೇ ಕೊಳ್ಳಿ.

ಇನ್ನೊಂದು ತುದಿಯಲ್ಲಿ ಜಾರ್ಜೊ ಫೆರೋನಿ ಅವರ 1960ರ ‘ಮಿಲ್ ಆಫ್ ದ ಸ್ಟೋನ್ ವಿಮೆನ್’. ಹಾಲೆಂಡಿನ ಗಾಳಿಯಂತ್ರ, ಒಳಗೆ ಸುತ್ತುವ ಹೆಂಗಸರ ಪ್ರತಿಮೆಗಳು. ಆ್ಯರೋ 2021ರಲ್ಲಿ ಇಟಾಲಿಯನ್, ಇಂಗ್ಲಿಷ್, ಫ್ರೆಂಚ್, ಅಮೆರಿಕನ್ ಹೀಗೆ ನಾಲ್ಕು ರೂಪವನ್ನೂ ಕೊಟ್ಟಿತು. ನಾಲ್ಕನ್ನೂ ನೋಡುವ ಅಗತ್ಯ ಎಲ್ಲರಿಗೂ ಇಲ್ಲ. ಇಟಾಲಿಯನ್ ಸಾಕು. ಆದರೂ ಒಂದು ಚಿತ್ರದ ಎಲ್ಲ ರೂಪ ಹೀಗೆ ಒಂದೆಡೆ ಉಳಿಯುವುದು ದೊಡ್ಡ ಕೆಲಸ ಅಂತ ನನ್ನ ಅನಿಸಿಕೆ.

ಇಟಾಲಿಯನ್ನೋ ಇಂಗ್ಲಿಷೋ ಅನ್ನುವ ಪ್ರಶ್ನೆಗೂ ಒಂದು ಮಾತು. ಈ ಚಿತ್ರಗಳಲ್ಲಿ ದನಿಯನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲೇ ಸೇರಿಸುತ್ತಿದ್ದರು. ಸೆಟ್‌ನಲ್ಲಿ ನಟರು ತಮ್ಮ ತಮ್ಮ ಭಾಷೆ ಮಾತಾಡುತ್ತಿದ್ದರು. ಬ್ಲ್ಯಾಕ್ ಸಂಡೇಯ ಇಂಗ್ಲಿಷ್ ಆವೃತ್ತಿಯಲ್ಲೂ ಬಾರ್ಬರಾ ಸ್ಟೀಲ್ ದನಿ ಅವರದಲ್ಲ. ನಮ್ಮ ಸಿನಿಮಾಗಳಲ್ಲೂ ಎಷ್ಟೋ ನಾಯಕಿಯರಿಗೆ ಬೇರೆಯವರೇ ದನಿ ಕೊಟ್ಟಿದ್ದಾರೆ, ಅಲ್ವಾ? ತುಟಿ ಹೊಂದಲಿಲ್ಲ ಅಂತ ಬೇಸರ ಬೇಡ.

ಕೊಳ್ಳುವ ಮುಂಚೆ

ಬ್ಲೂ-ರೇಗೆ ಎ, ಬಿ, ಸಿ ಅಂತ ಪ್ರದೇಶವಾರು ಬೀಗ ಇರುತ್ತದೆ, ಅದೇ ರೀಜನ್. ಭಾರತದಲ್ಲಿ ಮಾರುವ ಬ್ಲೂ-ರೇ ಪ್ಲೇಯರ್ ರೀಜನ್ ಸಿ. ಕಿನೋದ ಈ ಬಾವಾ ಡಿಸ್ಕ್‌ಗಳು ಎ, ಆ್ಯರೋದ ಬ್ರಿಟಿಷ್ ಬ್ಲ್ಯಾಕ್ ಸಂಡೇ, ಬ್ಲ್ಯಾಕ್ ಸ್ಯಾಬತ್ ಎರಡೂ ಬಿ. ಅಂದರೆ ಬೆಂಗಳೂರಿನಲ್ಲಿ ಕೊಂಡ ಪ್ಲೇಯರ್‌ನಲ್ಲಿ ಎರಡೂ ಓಡುವುದಿಲ್ಲ. ಮಲ್ಟಿ-ರೀಜನ್ ಪ್ಲೇಯರ್ ಬೇಕೇ ಬೇಕು. ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಅಲ್ಲಲ್ಲಿನ ಡಿಸ್ಕ್ ನೇರವಾಗಿ ಓಡುತ್ತದೆ. 4ಕೆ ಡಿಸ್ಕ್‌ಗಳಿಗೆ ರೀಜನ್ ಕಾಟವಿಲ್ಲ, ಆದರೆ ಜೊತೆಗೆ ಬರುವ ಬ್ಲೂ-ರೇಗೆ ಇರಬಹುದು. ಬಜೆಟ್ ಒಂದಕ್ಕೇ ಸಾಲುವುದಾದರೆ ಆ್ಯರೋದ ಬ್ಲ್ಯಾಕ್ ಸ್ಯಾಬತ್ ತೆಗೆದುಕೊಳ್ಳಿ. ಎರಡಕ್ಕಾದರೆ ಅದರ ಜೊತೆ ಸೆವೆರಿನ್‌ನ ಎರಡನೇ ಸಂಪುಟ. ನೋಡುವಾಗ ಟಿವಿಯ ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿ. ಪರದೆಯ ಮೇಲೆ ಸಣ್ಣಗೆ ಅಲುಗಾಡುವ ಕಣಗಳು ಫಿಲ್ಮಿನದೇ. ಅವನ್ನು ಒರೆಸಿದರೆ ಮುಖದ ಚರ್ಮ, ಕಲ್ಲಿನ ಒರಟು, ಮಂಜು ಎಲ್ಲವೂ ಜೊತೆಗೇ ಹೋಗುತ್ತವೆ.