ಸಂಖ್ಯಾಶಾಸ್ತ್ರದ ಟೆಸ್ಟ್‌ಗೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ

2, 4, 6, 8, 10. ಈ ಐದು ಸಂಖ್ಯೆಗಳ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಎಷ್ಟು? ನಮ್ಮ ಪಿಯು ಮಕ್ಕಳು 2.83 ಅನ್ನುತ್ತಾರೆ. ಅಮೆರಿಕದವರು ಮಾಡಿದ ಆನ್‌ಲೈನ್ ಟೆಸ್ಟ್‌ಗಳಲ್ಲಿ ಹೆಚ್ಚಿನವು 3.16 ಅನ್ನುತ್ತವೆ. ಇಬ್ಬರದೂ ತಪ್ಪಲ್ಲ. ನಮ್ಮ ಪುಸ್ತಕ ಐದರಿಂದ ಭಾಗಿಸುತ್ತದೆ, ಅವರು ಒಂದು ಕಳೆದು ನಾಲ್ಕರಿಂದ ಭಾಗಿಸುತ್ತಾರೆ. ಆದರೆ ಮೊಬೈಲ್ ಮುಂದೆ ಕೂತ ಹುಡುಗಿಗೆ ಕಾಣುವುದು ಕೆಂಪು ಗುರುತು ಮಾತ್ರ, ಅವಳು ಸೀದಾ ನನ್ನ ಹತ್ತಿರ ಬಂದು "ಮೇಡಂ, ನೀವು ಹೇಳಿಕೊಟ್ಟಿದ್ದು ತಪ್ಪಂತೆ" ಅಂದಳು.

ನಾನು ಆನ್‌ಲೈನ್ ಟೆಸ್ಟ್‌ಗಳನ್ನು ಒಂದೊಂದಾಗಿ ಬಳಸಿ ನೋಡಲು ಶುರು ಮಾಡಿದ್ದು ಅವತ್ತಿನಿಂದ. ಪುಕ್ಕಟೆ ಸಿಗುವುದನ್ನೇ ನೋಡಿದೆ. ಹಣ ಕಟ್ಟುವ ಒಂದರ ಡೆಮೊ ನೋಡಿದ್ದೆ, ಒಬ್ಬ ವಿದ್ಯಾರ್ಥಿಗೆ ಇಷ್ಟು ಅಂತ ಲೆಕ್ಕ ಹೇಳಿದ ಕೂಡಲೇ ಫೋನ್ ಇಟ್ಟೆ. ಎಲ್ಲದಕ್ಕೂ ಕೇಳಿದ ಪ್ರಶ್ನೆ ಒಂದೇ: ತಪ್ಪು ಉತ್ತರ ಬಂದಾಗ, ಆ ಮಗು ಏನು ಯೋಚಿಸಿತ್ತು ಅಂತ ನನಗೆ ಗೊತ್ತಾಗುತ್ತದಾ?

ಗೂಗಲ್ ಫಾರ್ಮ್ಸ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರೂ ಬಳಸಿದ್ದೀರಿ. ಕನ್ನಡ ಚೆನ್ನಾಗಿ ಬರುತ್ತದೆ, ಮಕ್ಕಳ ಫೋನ್‌ನಲ್ಲಿ ತೆರೆಯುತ್ತದೆ, ಹತ್ತು ನಿಮಿಷದಲ್ಲಿ ಟೆಸ್ಟ್ ರೆಡಿ. ಆದರೆ ಎಲ್ಲರಿಗೂ ಒಂದೇ ಸಂಖ್ಯೆ ಹೋಗುತ್ತದೆ. ಆಯ್ಕೆಗಳನ್ನು ಹಿಂದೆ ಮುಂದೆ ಮಾಡಬಹುದು, ಲೆಕ್ಕದ ಸಂಖ್ಯೆ ಬದಲಾಗದು, ಹಾಗಾಗಿ ಮೊದಲು ಮುಗಿಸಿದವನ ಉತ್ತರ ವಾಟ್ಸಾಪ್ ಗ್ರೂಪ್‌ಗೆ ಬಂದರೆ ಟೆಸ್ಟ್ ಮುಗಿದ ಹಾಗೇ. ಇನ್ನೊಂದು, ಉತ್ತರ 12.5 ಅಂತ ಕೊಟ್ಟಿದ್ದರೆ 12.50 ಬರೆದವರಿಗೆ ಸೊನ್ನೆ. ಅದು ಅಕ್ಷರ ಹೋಲಿಸುತ್ತದೆಯೇ ಹೊರತು ಬೆಲೆ ಹೋಲಿಸುವುದಿಲ್ಲ.

ಇದೇ ಫಾರ್ಮ್‌ನಲ್ಲಿ ನಾನು ಕೇಳಿದ ಅತಿ ಒಳ್ಳೆಯ ಪ್ರಶ್ನೆಯಲ್ಲಿ ಲೆಕ್ಕವೇ ಇರಲಿಲ್ಲ. ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ ಮತ್ತು ಕಾನೆಮನ್ ಕೇಳಿದ್ದ ಹಳೇ ಆಸ್ಪತ್ರೆ ಪ್ರಶ್ನೆ ಅದು. ದೊಡ್ಡಾಸ್ಪತ್ರೆಯಲ್ಲಿ ದಿನಕ್ಕೆ ಸುಮಾರು 45 ಹೆರಿಗೆ, ಚಿಕ್ಕದರಲ್ಲಿ 15. ಶೇ 60ಕ್ಕಿಂತ ಜಾಸ್ತಿ ಗಂಡು ಮಕ್ಕಳು ಹುಟ್ಟಿದ ದಿನಗಳು ವರ್ಷದಲ್ಲಿ ಎಲ್ಲಿ ಹೆಚ್ಚು? ಅವರು ಕೇಳಿದ 95 ವಿದ್ಯಾರ್ಥಿಗಳಲ್ಲಿ 53 ಮಂದಿ "ಎರಡೂ ಹೆಚ್ಚುಕಡಿಮೆ ಒಂದೇ" ಅಂದಿದ್ದರು. ನನ್ನ ತರಗತಿಯಲ್ಲೂ ಅರ್ಧಕ್ಕಿಂತ ಜಾಸ್ತಿ ಮಂದಿ ಹಾಗೇ ಅಂದರು, ಅದೂ ಪ್ರತಿಚಯನದ (ಸ್ಯಾಂಪ್ಲಿಂಗ್) ಪಾಠ ಮುಗಿದ ಮಾರನೇ ದಿನ! ಚಿಕ್ಕ ಆಸ್ಪತ್ರೆಯಲ್ಲೇ ಏರುಪೇರು ಹೆಚ್ಚು ಅಂತ ಒಪ್ಪಿಸಲು ಆಮೇಲೆ ಒಂದಿಡೀ ಪೀರಿಯಡ್ ನಾಣ್ಯ ಚಿಮ್ಮಿಸಿದ್ದಾಯಿತು.

ಮುಂದೆ ಮೈಓಪನ್‌ಮ್ಯಾಥ್. ಡೇವಿಡ್ ಲಿಪ್‌ಮನ್ ಅನ್ನುವ ಅಮೆರಿಕದ ಕಾಲೇಜು ಮೇಷ್ಟ್ರು ಕಟ್ಟಿದ್ದು, ಪೂರ್ತಿ ಉಚಿತ. ಒಬ್ಬೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಕೊಡುತ್ತದೆ, ತಕ್ಷಣ ಸರಿ ತಪ್ಪು ಹೇಳುತ್ತದೆ, ಸಂಖ್ಯಾಶಾಸ್ತ್ರದ ಪ್ರಶ್ನೆಗಳು ಬೇಕಾದಷ್ಟಿವೆ. ಅಭ್ಯಾಸಕ್ಕೆ ಇದಕ್ಕಿಂತ ಚೆನ್ನಾಗಿರುವುದು ಪುಕ್ಕಟೆ ಸಿಕ್ಕಲಾರದು. ತೊಂದರೆ ಇರುವುದು ಅದರ ಸಿಲಬಸ್ ನಮ್ಮದಲ್ಲ ಅನ್ನುವುದರಲ್ಲಿ. ಒಂದು ಊಹೆಯನ್ನು ಪರೀಕ್ಷಿಸುವಾಗ ನಾವು ಕೋಷ್ಟಕ ನೋಡಿ 1.96ಕ್ಕೆ ಹೋಲಿಸಿದರೆ ಅವರು ಪಿ-ಬೆಲೆ (ಊಹೆ ನಿಜವಾಗಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವ ಸಂಭವ) ಕೇಳುತ್ತಾರೆ. ನಮ್ಮ ದ್ವಿತೀಯ ಪಿಯುಸಿಯ ಸೂಚ್ಯಂಕ, ಜನನ ಮರಣ ದರ, ಗುಣಮಟ್ಟ ನಿಯಂತ್ರಣದ ಅಧ್ಯಾಯಗಳಿಗೆ ಅಲ್ಲಿ ಹುಡುಕಾಡಿದರೂ ಹೆಚ್ಚೇನೂ ನನ್ನ ಕೈಗೆ ಹತ್ತಲಿಲ್ಲ. ಎಸ್‌ಡಿ ಜಗಳ ಅಂತೂ ಇದ್ದೇ ಇದೆ. ಪ್ರಶ್ನೆಯನ್ನು ನಕಲು ಮಾಡಿಕೊಂಡು ಸೂತ್ರ ತಿದ್ದಬಹುದು, ಒಂದೆರಡು ತಿದ್ದಿದೆ ಕೂಡ. ಆದರೆ ಹೇಗಿದ್ದರೂ ಕೋಡ್ ಮುಟ್ಟಬೇಕು ಅಂದಮೇಲೆ ನನಗೆ ಗೊತ್ತಿರುವ ಭಾಷೆಯಲ್ಲೇ ಯಾಕೆ ಬರೆಯಬಾರದು ಅನ್ನಿಸಿತು.

ಹಾಗೆ ಹೋಗಿ ನಿಂತದ್ದು ಆರ್ ಅನ್ನುವ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆಯ ಎಕ್ಸಾಮ್ಸ್ ಪ್ಯಾಕೇಜ್ ಹತ್ತಿರ. ಪ್ರಶ್ನೆಯನ್ನು ಒಂದು ಫೈಲ್‌ನಲ್ಲಿ ಒಂದೇ ಸಲ ಬರೆಯುತ್ತೀರಿ, ಅದು ನೂರು ಮಕ್ಕಳಿಗೆ ನೂರು ಥರದ ದತ್ತಾಂಶ ಹುಟ್ಟಿಸಿ ಮೂಡಲ್‌ಗೋ (ಆನ್‌ಲೈನ್ ಪಾಠ, ಟೆಸ್ಟ್ ನಡೆಸುವ ತಂತ್ರಾಂಶ) ಪಿಡಿಎಫ್‌ಗೋ ವೆಬ್ ಪುಟಕ್ಕೋ ಕಳಿಸುತ್ತದೆ. ಅಡಿಕೆ ಕ್ವಿಂಟಲ್ ಧಾರಣೆಯ ಮೇಲೆ ಒಂದು ಪ್ರಶ್ನೆ ಬರೆದೆ, ಬಸ್ ತಡವಾಗುವ ನಿಮಿಷಗಳ ಮೇಲೆ ಇನ್ನೊಂದು. ಮೂಡಲ್‌ನಲ್ಲಿ ಕನ್ನಡ ಸರಿಯಾಗಿ ಬಂತು. ಪಿಡಿಎಫ್‌ಗೆ ಕನ್ನಡ ಬೇಕಾದರೆ ಮಾತ್ರ ಫಾಂಟ್ ಜೊತೆ ಒಂದಿಷ್ಟು ಗುದ್ದಾಡಬೇಕು, ನಾನು ವೆಬ್ ಪುಟ ಮಾಡಿ ಅದನ್ನೇ ಪ್ರಿಂಟ್ ಹಾಕುತ್ತೇನೆ.

ನಿಜವಾದ ಲಾಭ ಬೇರೆ ಕಡೆ ಇದೆ. ಬಹು ಆಯ್ಕೆ ಪ್ರಶ್ನೆಯ ತಪ್ಪು ಆಯ್ಕೆಗಳನ್ನೂ ಸೂತ್ರದಿಂದಲೇ ಹುಟ್ಟಿಸಬಹುದು. ಎಸ್‌ಡಿ ಪ್ರಶ್ನೆಯಾದರೆ ಒಂದು ಆಯ್ಕೆ ವರ್ಗಮೂಲ ತೆಗೆಯಲು ಮರೆತವರಿಗೆ, ಒಂದು ಸರಾಸರಿಯ ವರ್ಗ ಕಳೆಯಲು ಮರೆತವರಿಗೆ, ಒಂದು ಯೂಟ್ಯೂಬ್ ನೋಡಿ ಎನ್ ಮೈನಸ್ ಒಂದರಿಂದ ಭಾಗಿಸಿದವರಿಗೆ. (ಈ ಕೊನೆಯವರಿಗೂ ನಾನು ಅಂಕ ಕೊಡುತ್ತೇನೆ, ಕರೆದು ಮಾತಾಡಿಸುತ್ತೇನೆ ಅಷ್ಟೇ.) ಸಂಖ್ಯೆ ಎಷ್ಟೇ ಬದಲಾದರೂ ಯಾರು ಯಾವ ಹಳ್ಳಕ್ಕೆ ಬಿದ್ದರು ಅಂತ ಪಟ್ಟಿಯಲ್ಲೇ ಕಾಣುತ್ತದೆ. ನಾನು ಹುಡುಕುತ್ತಿದ್ದುದು ಇದನ್ನೇ ಅಲ್ವಾ?

ಕಲಿಯಲು ಕಷ್ಟ, ಸುಳ್ಳು ಹೇಳುವುದಿಲ್ಲ. ಆರ್ ಮುಟ್ಟದವರಿಗೆ ಒಂದು ಬೇಸಿಗೆ ರಜೆ ಬೇಕು. ಲೆಕ್ಕದ ಪ್ರಶ್ನೆಯಲ್ಲಿ ಉತ್ತರ ಎಷ್ಟು ಆಚೀಚೆ ಆಗಬಹುದು ಅಂತ ನಾವೇ ಹೇಳಬೇಕು, ಹೇಳದಿದ್ದರೆ ಒಂದು ಚೂರೂ ಬಿಡುವುದಿಲ್ಲ. ಮೊದಲ ಟೆಸ್ಟ್‌ನಲ್ಲಿ ನಾನು ಅದನ್ನು ಮರೆತೆ. ಎರಡು ದಶಾಂಶಕ್ಕೆ ಉತ್ತರ ಬರೆದ ಅಷ್ಟೂ ಮಕ್ಕಳಿಗೆ ಸೊನ್ನೆ ಬಂತು, ರಾತ್ರಿ ಹತ್ತರವರೆಗೆ ಫೋನ್.

ಇನ್ನು ಲೆಕ್ಕ ಬಿಟ್ಟು ತಿಳಿವಳಿಕೆಯನ್ನೇ ಅಳೆಯುವಂಥವು. ಕೇಯಾಸ್ ಅನ್ನುವ 40 ಪ್ರಶ್ನೆಗಳ ಪರೀಕ್ಷೆ ಇದೆ, ಜೋನ್ ಗಾರ್ಫೀಲ್ಡ್, ರಾಬರ್ಟ್ ಡೆಲ್‌ಮಾಸ್, ಬೆತ್ ಚಾನ್ಸ್ ಇವರ ಆರ್ಟಿಸ್ಟ್ ಯೋಜನೆಯಲ್ಲಿ ಹುಟ್ಟಿದ್ದು. 2007ರಲ್ಲಿ ಅವರೇ ಪ್ರಕಟಿಸಿದ ಫಲಿತಾಂಶ ಓದಿ ನನಗೆ ಒಂಥರಾ ಸಮಾಧಾನವಾಯಿತು: 763 ಕಾಲೇಜು ವಿದ್ಯಾರ್ಥಿಗಳು, ಕೋರ್ಸ್‌ಗೆ ಮೊದಲು ಸರಾಸರಿ ಸುಮಾರು ಶೇ 45, ಮುಗಿದ ಮೇಲೆ ಶೇ 54. ಒಂದಿಡೀ ಕೋರ್ಸ್‌ಗೆ ನೂರಕ್ಕೆ ಒಂಬತ್ತು ಅಂಕ! ಪ್ರಶ್ನೆಗಳೇನೋ ಚೂಪಾಗಿವೆ, ಆದರೆ ಇಂಗ್ಲಿಷ್ ಓದುವುದೇ ಅರ್ಧ ಪರೀಕ್ಷೆ ಆಗಿಬಿಡುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ತಪ್ಪಿದರೆ ಅವನಿಗೆ ತಿಳಿಯದ್ದು ಸಂಖ್ಯಾಶಾಸ್ತ್ರವೋ ವಾಕ್ಯವೋ ಹೇಗೆ ಹೇಳುವುದು? ಹಾಗಾಗಿ ಮಕ್ಕಳಿಗೆ ಕೊಡಲಿಲ್ಲ, ನಾನೇ ಕೂತು ಬಿಡಿಸಿದೆ.

ಲೋಕಸ್ ಕೂಡ ಇದೇ ಜಾತಿಯದು, 6ರಿಂದ 12ನೇ ತರಗತಿಗೆ ಮಾಡಿದ್ದು. ಅಲ್ಲಿ ಮಕ್ಕಳು ಬರೆದ ಮಾದರಿ ಉತ್ತರಗಳನ್ನು ಇಟ್ಟು, ಇದಕ್ಕೆ ಯಾಕೆ ಇಷ್ಟೇ ಅಂಕ ಅಂತ ವಿವರಿಸಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಉಪನ್ಯಾಸಕರಿಗೆ ನಾನು ಮೊದಲು ತೋರಿಸುವುದು ಅದನ್ನೇ.

ಕೊನೆಯದು, ನಾನು ಅತಿ ಹೆಚ್ಚು ಕದ್ದಿರುವುದು: ಅಮೆರಿಕದ ಹೈಸ್ಕೂಲ್ ಮಕ್ಕಳಿಗೆ ಕಾಲೇಜ್ ಬೋರ್ಡ್ ನಡೆಸುವ ಎಪಿ ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆಯ ಹಳೇ ಪತ್ರಿಕೆಗಳು. ಪರೀಕ್ಷೆ 1997ರಲ್ಲಿ ಶುರುವಾಯಿತು, ವರ್ಷ ವರ್ಷದ ಬರೆಯುವ ಪ್ರಶ್ನೆಗಳು, ಅಂಕ ಹಂಚುವ ನಿಯಮ ಎಲ್ಲ ಪುಕ್ಕಟೆ ಇಳಿಸಿಕೊಳ್ಳಬಹುದು. ಪ್ರಶ್ನೆಯ ಒಂದೊಂದು ಭಾಗಕ್ಕೂ ಇ, ಪಿ, ಐ ಅಂತ ಮೂರೇ ದರ್ಜೆ: ಬಹುಪಾಲು ಸರಿ, ಅರ್ಧ ಸರಿ, ತಪ್ಪು. ತಿದ್ದುವುದು ನಾವೇ, ಯಂತ್ರವಲ್ಲ, 60 ಮಕ್ಕಳಿದ್ದರೆ ಶನಿವಾರ ಭಾನುವಾರ ಎರಡೂ ಹೋದವು. ಆದರೂ ಮಗುವಿನ ತಲೆಯೊಳಗೆ ಇಣುಕಿ ನೋಡಲು ಇದನ್ನು ಮೀರಿಸಿದ್ದು ಇನ್ನೊಂದಿಲ್ಲ.

ಒಂದು ಉದಾಹರಣೆ. ದತ್ತಾಂಶದಿಂದ ಲೆಕ್ಕ ಹಾಕಿದ ಪರೀಕ್ಷಾಂಕ ಕೋಷ್ಟಕದ ಮಿತಿಯೊಳಗೆ, ಅಂದರೆ ಸ್ವೀಕಾರ ವಲಯದಲ್ಲಿ ಬಿದ್ದರೆ ನಮ್ಮಲ್ಲಿ "ಶೂನ್ಯ ಪ್ರಾಕ್ಕಲ್ಪನೆ (ವ್ಯತ್ಯಾಸವೇನೂ ಇಲ್ಲ ಅನ್ನುವ ಆರಂಭದ ಊಹೆ) ಸ್ವೀಕರಿಸಲಾಗಿದೆ" ಅಂತ ಬರೆಸುತ್ತೇವೆ. ಎಪಿಯವರು ಅದನ್ನು ಒಪ್ಪುವುದಿಲ್ಲ, ತಳ್ಳಿಹಾಕಲು ಸಾಕಷ್ಟು ಪುರಾವೆ ಸಿಗಲಿಲ್ಲ ಅನ್ನಬೇಕು, ಅದೂ ಅಡಿಕೆಯ ಪ್ರಶ್ನೆಯಾದರೆ ಅಡಿಕೆಯ ಮಾತಿನಲ್ಲೇ. ಅವರ ನಿಯಮದಲ್ಲಿ ಒಂದು ಟೆಸ್ಟ್ ತಿದ್ದಿ ಕೊಟ್ಟೆ. ತರಗತಿಗೇ ಫಸ್ಟ್ ಬರುವ ಹುಡುಗಿಗೆ ಪಿ ಬಂತು, ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೇ ಬಂದಳು. "ಉತ್ತರ ಸರಿ ಇದೆಯಲ್ಲ ಮೇಡಂ, ಬೋರ್ಡ್ ಪರೀಕ್ಷೆಯಲ್ಲಿ ಯಾವುದು ಬರೀಲಿ?" ಮೊದಲ ಸಾಲು ಬೋರ್ಡ್‌ಗೆ ಬರಿ, ಎರಡನೇ ಸಾಲು ನನಗೆ ಬರಿ ಅಂದೆ. ಈಗ ಇಡೀ ತರಗತಿ ಎರಡೆರಡು ಸಾಲು ಬರೆಯುತ್ತದೆ.