ಒಂದೇ ದಿನ ಇದ್ದರೆ ಆಗ್ರಾನಾ, ದೆಹಲಿನಾ?

ದೆಹಲಿಗೆ ಹೋದವರಿಗೆ ಮೊಘಲರ ಕಟ್ಟಡ ನೋಡಲು ಒಂದೇ ದಿನ ಸಿಕ್ಕರೆ ಈ ಗೊಂದಲ ಸಹಜ. ಆಗ್ರಾ ಟೂರ್ ಅಂದರೆ ತಾಜ್ ಮಹಲ್ ಮತ್ತು ಕೋಟೆ. ಮಗ ಔರಂಗಜೇಬ್ ಷಹಜಹಾನ್‌ನನ್ನು ಸೆರೆಯಲ್ಲಿಟ್ಟಿದ್ದು ಈ ಕೋಟೆಯಲ್ಲೇ. ಅಲ್ಲಿಂದ ಯಮುನೆಯ ದಡದ ತಾಜ್ ಕಾಣುತ್ತದೆ. ಇಂಥ ಕಡೆ ಗೈಡ್ ಬೇಕೇ ಬೇಕು. ಆದರೆ ಹೋಗಿಬರಲು 400 ಕಿ.ಮೀ. ದಾಟುತ್ತದೆ, ಶುಕ್ರವಾರ ತಾಜ್‌ಗೆ ರಜೆ. ಒಂದೇ ದಿನದಲ್ಲಿ ಆಗ್ರಾ ಹತ್ತಿರದ ಫತೇಪುರ್ ಸಿಕ್ರಿಯನ್ನೂ (ಅಕ್ಬರನ ಹಳೇ ರಾಜಧಾನಿ) ಸೇರಿಸಿದ ಪ್ಯಾಕೇಜ್ ಬೇಡ, ಸುಮ್ನೆ ಓಟವಾಗುತ್ತದೆ.

ದೆಹಲಿಯಲ್ಲಿ ಓಡಾಟ ಕಡಿಮೆ. ಕೆಂಪು ಕೋಟೆಗೆ ಸೋಮವಾರ ರಜೆ. ಹುಮಾಯೂನ್ ಸಮಾಧಿಯಂತೂ ತಾಜ್ ಕಟ್ಟಲು ಶುರುಮಾಡುವ ಸುಮಾರು 60 ವರ್ಷ ಮೊದಲೇ ಮುಗಿದದ್ದು. ಆ ಗುಮ್ಮಟ, ನಾಲ್ಕು ಭಾಗದ ತೋಟ ನೋಡಿದರೆ ತಾಜ್‌ನ ಬೇರು ಗೊತ್ತಾಗುತ್ತದೆ.

ಮೊದಲ ಸಲವಾದರೆ ಆಗ್ರಾ. ವಯಸ್ಸಾದವರು, ಪುಟ್ಟ ಮಕ್ಕಳು ಜೊತೆಗಿದ್ದರೆ ದೆಹಲಿ.