ಪುಣೆಯ ಒಂದು ವೃತ್ತಿ ಮಾರ್ಗದರ್ಶನ ಕೇಂದ್ರ: ವರದಿಗಿಂತ ಕಲ್ಲಿನ ಪೆಟ್ಟಿಗೆ ಮೇಲು

ಪುಣೆಯ ಕೊಥ್ರೂಡ್ ಭಾಗದಲ್ಲಿರುವ ಒಂದು ವೃತ್ತಿ ಮಾರ್ಗದರ್ಶನ ಕೇಂದ್ರಕ್ಕೆ ನನ್ನ ಅಣ್ಣನ ಮಗಳೊಂದಿಗೆ ಎರಡು ಭಾನುವಾರ ಹೋಗಿಬಂದೆ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದುತ್ತಿರುವ ಅವಳು ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಎಂಎಚ್‌ಟಿ-ಸಿಇಟಿ ಬರೆಯುವುದಕ್ಕೆ ಮುಂಚೆಯೇ ಯಾವ ಎಂಜಿನಿಯರಿಂಗ್ ಎಂಬುದು ನಿಶ್ಚಯವಾಗಲಿ ಎಂದು ಅಣ್ಣ 6,000 ರೂಪಾಯಿ ಕಟ್ಟಿದ್ದ. ನಾನು ಹೋದದ್ದು ಬೇರೊಂದು ಕುತೂಹಲದಿಂದ. ಜಿಯೋಟೆಕ್ನಿಕಲ್ ಎಂಜಿನಿಯರ್ ಆಗಿ ಇಪ್ಪತ್ತೆರಡು ವರ್ಷಗಳಾದವು. ಕಟ್ಟಡ, ಸೇತುವೆ, ಸುರಂಗಗಳ ಭಾರವನ್ನು ಹೊರಬೇಕಾದ ನೆಲ ಎಂಥದ್ದು ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಇದನ್ನು ಮನೆಯವರಿಗೆ ತಿಳಿಸಿ ಹೇಳಲು ಇಂದಿಗೂ ನನ್ನಿಂದ ಆಗಿಲ್ಲ. ಧಾರವಾಡದಲ್ಲಿ ಅವ್ವ ಓಣಿಯವರಿಗೆಲ್ಲ ‘ನಮ್ಮ ಸಣ್ಣಾಂವ ಬೋರ್ ಹೊಡಸ್ತಾನ’ ಎಂದು ಹೇಳಿಟ್ಟಿರುವುದರಿಂದ, ಬೇಸಿಗೆಯಲ್ಲಿ ಊರಿಗೆ ಹೋದಾಗಲೆಲ್ಲ ಹೊಲದ ಯಾವ ಮೂಲೆಯಲ್ಲಿ ನೀರು ಬೀಳುತ್ತದೆಂದು ಕೇಳಲು ಯಾರಾದರೂ ಬಂದೇ ಬರುತ್ತಾರೆ. ಹಣ ಪಡೆದು ವೃತ್ತಿಗಳನ್ನು ವಿವರಿಸುವವರು ಇದನ್ನು ಹೇಗೆ ವಿವರಿಸುತ್ತಾರೆಂದು ನೋಡಬೇಕಿತ್ತು.

ಮೊದಲ ಭಾನುವಾರದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಒಂದೂವರೆ ಗಂಟೆಯ ಅಭಿರುಚಿ ಪರೀಕ್ಷೆ ಮುಗಿದ ಮೇಲೆ ಬಣ್ಣಬಣ್ಣದ ಚಕ್ರಗಳಿರುವ ದಪ್ಪನೆಯ ವರದಿಯೊಂದು ಕೈಗೆ ಬಂತು. ಅದರಲ್ಲಿ ಸಿವಿಲ್ ಎಂಜಿನಿಯರಿಂಗಿಗೆ 78 ಅಂಕ, ಅದರ ಉಪಶಾಖೆಗಳಿಗೆ ತಲಾ ಎರಡು ಸಾಲು. ಆಪ್ತಸಲಹೆಗಾರರು ಸೌಜನ್ಯವಂತರೇ ಆದರೂ ಆ ಎರಡು ಸಾಲುಗಳನ್ನು ದಾಟಿ ಮಾತನಾಡಲಿಲ್ಲ. ಹೊರಗೆ ಬಂದಾಗ ಹುಡುಗಿ ನಗುತ್ತ, “ಕಾಕಾ, ನೀವು ಲ್ಯಾಬಿನ್ಯಾಗ ಮಣ್ಣು ಪರೀಕ್ಷಾ ಮಾಡ್ತೀರಂತ” ಎಂದಳು. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ, ಕೊಳವೆ ಕೊನೆಯ 30 ಸೆಂ.ಮೀ. ಇಳಿಯುವುದಕ್ಕೆ ಎಷ್ಟು ಪೆಟ್ಟು ಬಿದ್ದವೆಂದು ಎಣಿಸುವುದು ಪರೀಕ್ಷೆ. ಎಣಿಕೆ ಹನ್ನೆರಡಕ್ಕೆ ನಿಂತ ಜಾಗದಲ್ಲಿ ಏಳಬೇಕಾದ ಕಟ್ಟಡಕ್ಕೆ ಸಾದಾ ಬುನಾದಿ ಸಾಕೇ, ಪೈಲ್, ಅಂದರೆ ನೆಲದಾಳಕ್ಕಿಳಿಯುವ ಕಂಬ, ಇಳಿಸಬೇಕೇ, ಇಳಿಸುವುದಾದರೆ ಎಷ್ಟು ಆಳಕ್ಕೆ ಎಂದು ಹೇಳಿ, ಹೇಳಿದ್ದಕ್ಕೆ ಹೊಣೆಯಾಗುವುದು ಎಂಜಿನಿಯರನ ಪಾಲು. ಆ ಎಣಿಕೆಯನ್ನು ಬೋರಿನ ಗುತ್ತಿಗೆದಾರನ ಹುಡುಗ ಬಿಸಿಲಿನಲ್ಲಿ ನಿಂತು ಬರೆದನೋ, ಬೇವಿನ ಮರದ ನೆರಳಿನಲ್ಲಿ ಕುಳಿತು ಅಂದಾಜಿನಿಂದ ಬರೆದನೋ ಎಂದು ಗುರುತಿಸುವುದೂ ಅದರಲ್ಲಿ ಸೇರಿದೆ.

ಎರಡನೆಯ ಭಾನುವಾರ ಮಾತ್ರ ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಈ ಸೇವೆಯ ಭಾಗವಾಗಿ ನಾಲ್ಕು ಮಕ್ಕಳನ್ನು ಒಟ್ಟಿಗೆ ಕೂರಿಸಿ, ಆಯಾ ವೃತ್ತಿಯಲ್ಲಿ ದುಡಿದವರೊಬ್ಬರೊಂದಿಗೆ ಎರಡು ಗಂಟೆ ಮಾತನಾಡಿಸುತ್ತಾರೆ. ಆ ದಿನ ಬಂದಿದ್ದವರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಎಂಜಿನಿಯರ್. ಸ್ಲೈಡುಗಳನ್ನು ತಂದಿರಲಿಲ್ಲ, ಒಂದು ಮರದ ಕೋರ್ ಬಾಕ್ಸ್ ತಂದಿದ್ದರು, ಅಂದರೆ ನೆಲವನ್ನು ಕೊರೆದಾಗ ಮೇಲೆ ಬಂದ ಕಲ್ಲಿನ ಸಿಲಿಂಡರುಗಳನ್ನು ಆಳದ ಕ್ರಮದಲ್ಲಿ ಜೋಡಿಸಿಡುವ ಪೆಟ್ಟಿಗೆ. ಬೂದು ಬಣ್ಣದ ಗಟ್ಟಿ ಬಸಾಲ್ಟ್, ಬಿಳಿಯ ಚುಕ್ಕೆಗಳಿದ್ದ ಇನ್ನೊಂದು ಬಗೆ, ಎರಡು ಲಾವಾ ಪದರಗಳ ನಡುವೆ ಸಿಗುವ ಇಟ್ಟಿಗೆಗೆಂಪಿನ ತುಂಡು. ಕೆಂಪು ತುಂಡಿನ ಮೇಲೆ ನೀರು ಹಾಕಿ ಹಾಗೆಯೇ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಅದರ ಅಂಚು ಮೆತ್ತಗಾಗಿ ಬೆರಳಿಗೆ ಹತ್ತಿತು. ದಖನ್ನಿನ ಕಲ್ಲೆಲ್ಲ ಗಟ್ಟಿ ಎಂಬ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಆಮೇಲೆ ಒಂದೂವರೆ ಮೀಟರಿನ ಕೊರೆತದ ತುಂಡುಗಳನ್ನು ಮಕ್ಕಳಿಂದಲೇ ಅಳೆಸಿದರು. ಸಿಕ್ಕಿದ್ದು 38, 27, 14, 11 ಮತ್ತು 8 ಸೆಂ.ಮೀ., ಉಳಿದದ್ದು ಪುಡಿ. ಹತ್ತು ಸೆಂ.ಮೀ.ಗಿಂತ ಉದ್ದದ ತುಂಡುಗಳನ್ನಷ್ಟೇ ಕೂಡಿಸಿ ಒಟ್ಟು ಕೊರೆತದಿಂದ ಭಾಗಿಸಿದರೆ ಬರುವ ಶೇಕಡಾವಾರನ್ನು ನಾವು ಆರ್‌ಕ್ಯೂಡಿ ಎನ್ನುತ್ತೇವೆ; ಅದು ಹೆಚ್ಚಿದ್ದಷ್ಟೂ ಕಲ್ಲಿನಲ್ಲಿ ಬಿರುಕು ಕಡಿಮೆ. ನಮ್ಮ ಹುಡುಗಿ ಎಂಟರ ತುಂಡನ್ನು ಬಿಟ್ಟು 60 ಎಂದಳು. ನಿಯಮದ ಪ್ರಕಾರ ಸರಿಯೇ. ಅವರು ಆ ಎಂಟರ ತುಂಡನ್ನು ಹದಿನಾಲ್ಕರ ತುಂಡಿಗೆ ಕೂಡಿಸಿ ತೋರಿಸಿದರು: ಮುರಿದ ಮುಖ ಹೊಸದು, ಚೂಪಾಗಿದೆ, ಎರಡೂ ಕೂದಲೆಳೆ ಸಂದಿಲ್ಲದೆ ಕೂಡುತ್ತವೆ. ಮುರಿದದ್ದು ಯಂತ್ರ, ನೆಲವಲ್ಲ. ಆದ್ದರಿಂದ ಅದನ್ನು ಒಂದೇ ತುಂಡೆಂದು ಎಣಿಸಬೇಕು, ಉತ್ತರ 65. ಪಕ್ಕದ ಇನ್ನೊಂದು ಮುರಿತದ ಮುಖದಲ್ಲಿ ಕಂದು ಕಲೆಯಿತ್ತು. ಅಲ್ಲಿ ಬಹುಕಾಲ ನೀರು ಹರಿದಿದೆ, ಅದು ನಿಜವಾದ ಬಿರುಕು. ನಾಲ್ಕೂ ಮಕ್ಕಳು ಪೆಟ್ಟಿಗೆಯ ಮೇಲೆ ಬಗ್ಗಿ ಒಂದೊಂದು ಮುರಿತಕ್ಕೂ ವಾದ ಮಾಡತೊಡಗಿದರು. ಅಳತೆಯನ್ನು ಯಾರು ಬೇಕಾದರೂ ಮಾಡಬಹುದು, ಯಾವುದನ್ನು ಎಣಿಸಬೇಕೆಂಬುದೇ ವಿದ್ಯೆ ಎಂದು ವರ್ಷಗಟ್ಟಲೆ ಮನೆಯಲ್ಲಿ ಹೇಳಲು ಹೆಣಗಿದ ನಾನು ಒಂದು ಕಲ್ಲನ್ನಾದರೂ ಮನೆಗೆ ತಂದು ತೋರಿಸಿದವನಲ್ಲ.

ಆ ಸಂಖ್ಯೆಯಿಂದ ಆಗಬೇಕಾದದ್ದೇನು ಎಂಬುದಕ್ಕೂ ಅವರು ಊರನ್ನು ಬಿಟ್ಟು ದೂರ ಹೋಗಲಿಲ್ಲ. ಮಕ್ಕಳು ಸ್ವಾರ್ಗೇಟಿಗೆ ಹೋಗುವ ಮೆಟ್ರೊ ಮುಠಾ ನದಿಯ ಕೆಳಗೆ ಹಾದುಹೋಗುತ್ತದೆ; ಸುರಂಗ ಕೊರೆಯುವ ಯಂತ್ರ ಅಲ್ಲಿಗೆ ಇಳಿಯುವ ಮುನ್ನ ಕೆಳಗಿನ ಕಲ್ಲು ಹೇಗಿದೆಯೆಂದು ಇಂಥದೇ ಪೆಟ್ಟಿಗೆಗಳನ್ನು ನೋಡಿ ಯಾರೋ ಹೇಳಬೇಕಾಗಿತ್ತು. (ಆ ಯಂತ್ರಗಳಿಗೆ ಮುಳಾ, ಮುಠಾ, ಪವನಾ ಎಂದು ಇಲ್ಲಿನ ನದಿಗಳ ಹೆಸರಿಟ್ಟಿದ್ದರೆಂಬುದು ಮಕ್ಕಳಿಗೆ ಬಹಳ ಹಿಡಿಸಿತು.) ಪುಣೆಯ ಪಕ್ಕದ ಖಡಕ್‌ವಾಸ್ಲಾ ಅಣೆಕಟ್ಟಿನ ಮಾತು ಬಂದಾಗ ನಾನು ಕನ್ನಡಿಗನ ಹೆಮ್ಮೆಯಿಂದ, ಇದೇ ಊರಿನಲ್ಲಿ ಓದಿದ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಲ್ಲಿಯೇ ಅಳವಡಿಸಿದ್ದನ್ನು ನೆನಪಿಸಿದೆ. ಅವರು ಒಪ್ಪಿ, 1961ರ ಜುಲೈ 12ಕ್ಕೆ ಬಂದರು. ಮೊದಲ ಮಳೆಗಾಲದಲ್ಲೇ ಪಾನ್‌ಶೇತಿನ ಮಣ್ಣಿನ ಅಣೆಕಟ್ಟು ಒಡೆದು, ಆ ನೀರಿಗೆ ಕೆಳಗಿನ ಖಡಕ್‌ವಾಸ್ಲಾವೂ ಒಡೆದು, ಪುಣೆಯ ಹಳೆಯ ಪೇಟೆಗಳು ಮುಳುಗಿದ ದಿನ ಅದು. ಭಯ ಹುಟ್ಟಿಸಲು ಹೇಳುತ್ತಿಲ್ಲ, ವರದಿಯ ಕೊನೆಯ ಪುಟದ ಸಹಿಗೆ ಇಷ್ಟು ತೂಕವಿದೆ ಎಂದರು.

ಕೊರತೆಗಳೂ ಇವೆ. ಈ ದಾರಿಗೆ ನಾಲ್ಕು ವರ್ಷದ ಸಿವಿಲ್ ಪದವಿಯ ಮೇಲೆ ಸಾಮಾನ್ಯವಾಗಿ ಎರಡು ವರ್ಷದ ಎಂ.ಟೆಕ್. ಬೇಕಾಗುತ್ತದೆ, ಅದಕ್ಕೆ ಗೇಟ್ ಪರೀಕ್ಷೆ ಬರೆಯಬೇಕಾಗುತ್ತದೆ ಎಂಬ ಸರಳ ಸಂಗತಿಯೂ ಆ ದಪ್ಪ ವರದಿಯಲ್ಲಿರಲಿಲ್ಲ. ಸಂಬಳದ ಪಟ್ಟಿಯಿತ್ತು, ಅದು ಯಾವ ಊರಿನದು, ಎಷ್ಟು ವರ್ಷದ ಅನುಭವಕ್ಕೆ ಎಂಬುದಿರಲಿಲ್ಲ. ರಾತ್ರಿ ಪಾಳಿಯ ಸೈಟಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರುತ್ತದೆಯೇ ಎಂದು ಹುಡುಗಿ ಕೇಳಿದಾಗ ಸಲಹೆಗಾರರು ಈಗ ಕಾಲ ಬದಲಾಗಿದೆ ಎಂದು ಮಾತು ತೇಲಿಸಿದರು. ಹಿರಿಯರು, ದೊಡ್ಡ ಕಾಮಗಾರಿಗಳಲ್ಲಿ ಇರುತ್ತದೆ, ಹೊಲದ ನಡುವೆ ಒಂದೇ ರಿಗ್ (ಕೊರೆಯುವ ಯಂತ್ರ) ನಿಂತಿರುವಲ್ಲಿ ಇರುವುದಿಲ್ಲ, ಕೆಲಸಕ್ಕೆ ಸೇರುವ ಮುನ್ನವೇ ಕೇಳಬೇಕು ಎಂದು ನೇರವಾಗಿ ಹೇಳಿದರು.

ಕೇವಲ ಎರಡನೆಯ ಭಾನುವಾರಕ್ಕೆ ಹಣ ಕಟ್ಟಬಹುದೇ ಎಂದು ನಾನು ವಿಚಾರಿಸಿದೆ. ಪರೀಕ್ಷೆಯನ್ನು ಬಿಟ್ಟು ಅದೊಂದನ್ನೇ ಕೊಡುವುದಿಲ್ಲವಂತೆ. ಮಾತುಕತೆ ಮರಾಠಿ ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತದೆ, ಹಿಂದಿಯಲ್ಲಿ ಕೇಳಿದರೂ ಉತ್ತರಿಸುತ್ತಾರೆ. ಹೋಗುವವರು ಆ ವಾರ ಯಾರು ಬರುತ್ತಾರೆ, ಕೈಯಲ್ಲಿ ಏನು ತರುತ್ತಾರೆ ಎಂಬುದನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಸಿವಿಲ್ ಎಂದು ಹೆಸರು ಕೊಟ್ಟಿದ್ದರೂ ಹಿಂದಿನ ತಂಡದ ಮಕ್ಕಳಿಗೆ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರೊಬ್ಬರು ಸಿಕ್ಕಿದ್ದರಂತೆ, ಹಣ ಮರಳಿ ಬಂದಿಲ್ಲವಂತೆ.